ಮೋಟಾರ್‌ಸೈಕಲ್ ಟ್ಯಾಂಕಿನೊಳಗಿನ ಇಂಧನ ಕೊಳವೆ

ಟ್ಯಾಂಕಿನೊಳಗಿನ ಇಂಧನ ಕೊಳವೆ ಎಂದರೆ ಮೋಟಾರ್‌ಸೈಕಲ್‌ನ ಪೆಟ್ರೋಲ್ ಟ್ಯಾಂಕಿನ ಒಳಗೆ, ಪೆಟ್ರೋಲಿನಲ್ಲಿ ಮುಳುಗಿದ ಸ್ಥಿತಿಯಲ್ಲಿಯೇ ಕೆಲಸ ಮಾಡುವ ಮೆದುವಾದ ಕೊಳವೆ. ಆಡುಮಾತಿನಲ್ಲಿ ಇದನ್ನೂ ಟ್ಯಾಂಕಿನ ಹೊರಗಿನ ಕೊಳವೆಯನ್ನೂ ‘ಪೆಟ್ರೋಲ್ ಪೈಪು’ ಎಂದೇ ಕರೆಯುತ್ತಾರೆ. ಆದರೆ ಇವೆರಡರ ಗುಣ ಬೇರೆ ಬೇರೆ. ಹೊರಗಿನ ಕೊಳವೆಗೆ ಒಳಮೈಯಲ್ಲಿ ಮಾತ್ರ ಪೆಟ್ರೋಲ್ ತಗಲುತ್ತದೆ. ಒಳಗಿನ ಕೊಳವೆಗೆ ಒಳಮೈ, ಹೊರಮೈ ಮತ್ತು ಕತ್ತರಿಸಿದ ತುದಿಗಳು ಈ ಮೂರೂ ಕಡೆ ಸದಾ ಪೆಟ್ರೋಲಿನ ಸಂಪರ್ಕವಿರುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ ಸಾಮಾನ್ಯ ಕೊಳವೆಯನ್ನು ಟ್ಯಾಂಕಿನೊಳಗೆ ಅಳವಡಿಸಿದರೆ ಅದು ಅಲ್ಪಕಾಲದಲ್ಲಿಯೇ ಊದಿಕೊಂಡು, ಮೆತ್ತಗಾಗಿ, ಬಿರಿಯುತ್ತದೆ.

ಹಿನ್ನೆಲೆ

ಕಾರ್ಬ್ಯುರೇಟರ್ ಹೊಂದಿದ ಮೋಟಾರ್‌ಸೈಕಲ್‌ಗಳಲ್ಲಿ ಟ್ಯಾಂಕು ಎಂಜಿನ್ನಿಗಿಂತ ಎತ್ತರದಲ್ಲಿರುವುದರಿಂದ ಪೆಟ್ರೋಲ್ ತನ್ನ ಭಾರದಿಂದಲೇ ಕೆಳಗೆ ಹರಿಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ವಾಹನಗಳು ಈ ವರ್ಗಕ್ಕೆ ಸೇರಿದವು. ಇಂತಹ ವಾಹನಗಳ ಟ್ಯಾಂಕಿನ ತಳದಲ್ಲಿ ಪೆಟ್ರೋಲ್ ಕಾಕ್ ಇರುತ್ತದೆ. ಸಾಮಾನ್ಯವಾಗಿ ಅದರಿಂದ ಟ್ಯಾಂಕಿನೊಳಕ್ಕೆ ಗಟ್ಟಿಯಾದ ಸಣ್ಣ ನಳಿಕೆಯೊಂದು ಮೇಲಕ್ಕೆ ಚಾಚಿಕೊಂಡಿರುತ್ತದೆ. ಪೆಟ್ರೋಲಿನ ಮಟ್ಟ ಆ ನಳಿಕೆಯ ತುದಿಗಿಂತ ಕೆಳಗಿಳಿದಾಗ ಸವಾರನು ಕಾಕನ್ನು ‘ರಿಸರ್ವ್’ ಕಡೆಗೆ ತಿರುಗಿಸುತ್ತಾನೆ. ಈ ವ್ಯವಸ್ಥೆಯಲ್ಲಿ ರಬ್ಬರ್ ಕೊಳವೆ ಇರುವುದು ಟ್ಯಾಂಕಿನ ಹೊರಗೆ. ಅದು ಹಳತಾದರೆ ಬಿರುಕು ಕಣ್ಣಿಗೆ ಕಾಣುತ್ತದೆ, ಸೋರಿದರೆ ವಾಸನೆ ತಿಳಿಯುತ್ತದೆ.

ಫ್ಯುಯೆಲ್ ಇಂಜೆಕ್ಷನ್ ವ್ಯವಸ್ಥೆಯಲ್ಲಿ ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸಬೇಕಾಗುತ್ತದೆ. ಆದುದರಿಂದ ವಿದ್ಯುತ್ ಪಂಪು ಅನಿವಾರ್ಯವಾಯಿತು. ಸುತ್ತಲಿನ ಪೆಟ್ರೋಲೇ ಪಂಪನ್ನು ತಂಪಾಗಿಡುವುದರಿಂದ ಅದನ್ನು ಟ್ಯಾಂಕಿನೊಳಗೆ ಇರಿಸುವ ಪದ್ಧತಿ ಬೆಳೆಯಿತು. ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ 1983ರಲ್ಲಿ ಹೊರತಂದ ಕೆ100 ಮೋಟಾರ್‌ಸೈಕಲ್‌ನಲ್ಲಿ ಪಂಪು ಟ್ಯಾಂಕಿನೊಳಗಿತ್ತು. ಅದೇ ಸಂಸ್ಥೆಯ ಆರ್1100 ಮಾದರಿಗಳಲ್ಲಿ ಪಂಪಿನೊಂದಿಗೆ ಫಿಲ್ಟರ್ ಕೂಡ ಒಳಗಿದ್ದು, ಅವೆರಡನ್ನು ಬಾಗಿದ ರಬ್ಬರ್ ಕೊಳವೆ ಜೋಡಿಸುತ್ತಿತ್ತು.

ಭಾರತದಲ್ಲಿ 2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ ಈ ತಂತ್ರಜ್ಞಾನದೊಂದಿಗೆ ಬಂದಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾಲಿನ್ಯ ನಿಯಮಗಳು ದೇಶದಾದ್ಯಂತ ಜಾರಿಯಾದ ಮೇಲೆ, 100 ಸಿಸಿ ಸಾಮರ್ಥ್ಯದ ದಿನಬಳಕೆಯ ವಾಹನಗಳೂ ಸೇರಿದಂತೆ ಬಹುಪಾಲು ಮೋಟಾರ್‌ಸೈಕಲ್‌ಗಳು ಫ್ಯುಯೆಲ್ ಇಂಜೆಕ್ಷನ್‌ಗೆ ಬದಲಾದವು. ಹೀಗೆ ಟ್ಯಾಂಕಿನೊಳಗಿನ ಕೊಳವೆಯು ಸಾಮಾನ್ಯ ಸವಾರನ ವಾಹನಕ್ಕೂ ಬಂದು ಸೇರಿತು.

ವಿಧಗಳು

1. ಒತ್ತಡದ ಕೊಳವೆ: ಪಂಪಿನಿಂದ ಫಿಲ್ಟರಿಗೆ ಅಥವಾ ಟ್ಯಾಂಕಿನ ಹೊರದ್ವಾರಕ್ಕೆ ಪೆಟ್ರೋಲನ್ನು ಒಯ್ಯುತ್ತದೆ. ಇದರೊಳಗಿನ ಒತ್ತಡ ಸಾಮಾನ್ಯವಾಗಿ ಸುಮಾರು 3 ಬಾರ್, ಅಂದರೆ ವಾಯುಮಂಡಲದ ಒತ್ತಡದ ಸುಮಾರು ಮೂರು ಪಟ್ಟು.

2. ಮರಳುವ ಕೊಳವೆ: ಎಂಜಿನ್ನಿಗೆ ಬೇಡವಾದ ಪೆಟ್ರೋಲನ್ನು ಟ್ಯಾಂಕಿಗೆ ಹಿಂದಿರುಗಿಸುತ್ತದೆ. ಒತ್ತಡ ನಿಯಂತ್ರಕವು ಪಂಪಿನ ಜೊತೆಯಲ್ಲಿಯೇ ಇರುವ ವಾಹನಗಳಲ್ಲಿ ಹೊರಗಿನಿಂದ ಮರಳುವ ಈ ಕೊಳವೆ ಇರುವುದಿಲ್ಲ.

3. ನೀರು ಬಸಿಯುವ ಕೊಳವೆ ಮತ್ತು ಗಾಳಿಕೊಳವೆ: ಮೊದಲನೆಯದು ಟ್ಯಾಂಕಿನ ಮುಚ್ಚಳದ ಸುತ್ತ ನಿಲ್ಲುವ ಮಳೆನೀರನ್ನು ಕೆಳಕ್ಕೆ ಬಿಡುತ್ತದೆ; ಎರಡನೆಯದು ಟ್ಯಾಂಕಿನೊಳಗಿನ ಆವಿಯ ಒತ್ತಡವನ್ನು ಸಮತೂಗಿಸುತ್ತದೆ. ಅನೇಕ ವಾಹನಗಳಲ್ಲಿ ಇವು ಟ್ಯಾಂಕಿನ ಮೂಲಕವೇ ಹಾದುಹೋಗುವ ಲೋಹದ ನಳಿಕೆಗಳಾಗಿರುತ್ತವೆ. ಕೆಲವು ಮಾದರಿಗಳಲ್ಲಿ ರಬ್ಬರಿನವು ಇರುತ್ತವೆ.

ಕೊಳವೆಯ ವಸ್ತು

ಅಮೆರಿಕದ ಎಸ್‌ಎಇ ಸಂಸ್ಥೆಯ ‘ಜೆ30’ ಎಂಬ ಮಾನದಂಡವು ಇಂಧನ ಕೊಳವೆಗಳನ್ನು ವಿಂಗಡಿಸುತ್ತದೆ. ‘ಆರ್7’ ಗುರುತಿನ ಕೊಳವೆ ಕಾರ್ಬ್ಯುರೇಟರ್ ವಾಹನಗಳ ಕಡಿಮೆ ಒತ್ತಡಕ್ಕೆ, ‘ಆರ್9’ ಫ್ಯುಯೆಲ್ ಇಂಜೆಕ್ಷನ್‌ನ ಹೆಚ್ಚಿನ ಒತ್ತಡಕ್ಕೆ ತಕ್ಕುದಾಗಿದೆ. ಆದರೆ ಪೆಟ್ರೋಲಿನಲ್ಲಿ ಮುಳುಗಿರಲು ತಯಾರಾದದ್ದು ‘ಆರ್10’ ಮಾತ್ರ. ಆರ್9 ಕೊಳವೆಯ ಒಳಪದರ ಉತ್ತಮವಾಗಿದ್ದರೂ ಅದರ ಹೊರಪದರವನ್ನು ಮುಳುಗಿಸಿಡಲು ರೂಪಿಸಿಲ್ಲ. ಗುರುತು ಕೊಳವೆಯ ಮೈಮೇಲೆ ಅಚ್ಚಾಗಿರುತ್ತದೆ. ಗುರುತಿಲ್ಲದ ಕೊಳವೆಯನ್ನು ಟ್ಯಾಂಕಿನೊಳಗೆ ಬಳಸುವುದು ಸರಿಯಲ್ಲ.

ಇತ್ತೀಚಿನ ಕೆಲವು ವಾಹನಗಳಲ್ಲಿ ರಬ್ಬರಿನ ಬದಲು ಸುಕ್ಕುಸುಕ್ಕಾದ ನೈಲಾನ್ ಕೊಳವೆಗಳನ್ನು ಕಾರ್ಖಾನೆಯಲ್ಲಿಯೇ ಒತ್ತಿ ಕೂರಿಸಿರುತ್ತಾರೆ. ಇವನ್ನು ಒಮ್ಮೆ ಬಿಚ್ಚಿದರೆ ಮತ್ತೆ ಭದ್ರವಾಗಿ ಕೂರುವುದಿಲ್ಲವಾದ್ದರಿಂದ, ಹಾಳಾದಾಗ ಕೊಳವೆಯ ಭಾಗವನ್ನು ಅಥವಾ ಇಡೀ ಪಂಪಿನ ಜೋಡಣೆಯನ್ನು ಬದಲಿಸಬೇಕಾಗುತ್ತದೆ.

ಹಾಳಾಗಲು ಕಾರಣಗಳು

ವಯಸ್ಸು, ಬಿಸಿ ಮತ್ತು ಪಂಪಿನ ಕಂಪನ ಇವು ಸಾಮಾನ್ಯ ಕಾರಣಗಳು. ಇವುಗಳ ಜೊತೆಗೆ ಎಥೆನಾಲ್ ಈಗ ಮುಖ್ಯ ಅಂಶವಾಗಿದೆ. ಶೇ. 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. 2025ರ ವೇಳೆಗೆ ಅದು ದೇಶದಾದ್ಯಂತ ಸಾಮಾನ್ಯ ಇಂಧನವಾಯಿತು. ಹಳೆಯ ವಾಹನಗಳಲ್ಲಿ ಬಳಸಿರುವ ಕೆಲವು ಬಗೆಯ ರಬ್ಬರುಗಳನ್ನು ಎಥೆನಾಲ್ ಊದಿಸುತ್ತದೆ, ಗಡಸುತನವನ್ನು ಕುಂದಿಸುತ್ತದೆ. ಇ20ಕ್ಕೆ ಹೊಂದುವ ವಸ್ತುಗಳಿಂದ ತಯಾರಾದ ಹೊಸ ವಾಹನಗಳಲ್ಲಿ ಈ ತೊಂದರೆ ಕಡಿಮೆ.

ಮಲೆನಾಡಿನ ಸಂದರ್ಭ

ಭದ್ರಾ ನದಿಯ ದಡದಲ್ಲಿರುವ ಬಾಳೆಹೊನ್ನೂರು ಮತ್ತು ನೆರೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳು ಚಿಕ್ಕಮಗಳೂರು ಜಿಲ್ಲೆಯ ಭಾರೀ ಮಳೆಯ ಪ್ರದೇಶಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಇಲ್ಲಿನ ಗಾಳಿಯಲ್ಲಿ ತೇವ ತುಂಬಿರುತ್ತದೆ. ಕಾಫಿ, ಅಡಿಕೆ ತೋಟಗಳ ನಡುವೆ ಚದುರಿದ ಮನೆಗಳಿಂದ ಪೇಟೆ, ಶಾಲೆ, ಆಸ್ಪತ್ರೆಗಳಿಗೆ ಹೋಗಿಬರಲು ದ್ವಿಚಕ್ರ ವಾಹನವೇ ಅನೇಕರಿಗೆ ಆಧಾರ.

ಎಥೆನಾಲಿಗೆ ನೀರನ್ನು ಹೀರಿಕೊಳ್ಳುವ ಗುಣವಿದೆ. ಸ್ವಲ್ಪ ನೀರು ಪೆಟ್ರೋಲಿನಲ್ಲಿ ಬೆರೆತುಕೊಂಡಿರಬಹುದಾದರೂ, ಮಿತಿ ಮೀರಿದಾಗ ನೀರು ಮತ್ತು ಎಥೆನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಪಂಪು ಪೆಟ್ರೋಲನ್ನು ಹೀರುವುದು ಆ ತಳದಿಂದಲೇ. ಎಂಜಿನ್ ಆಗ ಮುಗ್ಗರಿಸಿ ನಿಲ್ಲಬಹುದು. ತಳದ ನೀರು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ, ತುಕ್ಕಿನ ಪುಡಿ ಪಂಪಿನ ಜಾಲರಿಯನ್ನು ಕಟ್ಟುತ್ತದೆ.

ನೀರು ಬಸಿಯುವ ಕೊಳವೆಯ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ. ಅದರ ಕೆಳತುದಿ ಕೆಸರು, ಎಲೆಚೂರುಗಳಿಂದ ಮುಚ್ಚಿಹೋದರೆ ಮಳೆನೀರು ಮುಚ್ಚಳದ ಬುಡದಲ್ಲಿ ನಿಂತು, ಮುಚ್ಚಳ ತೆರೆದಾಗ ಒಳಗೆ ಬೀಳುತ್ತದೆ. ಟ್ಯಾಂಕಿನೊಳಗೆ ಅದು ತೂತಾಗಿದ್ದರೆ ಮಳೆನೀರು ನೇರವಾಗಿ ಪೆಟ್ರೋಲಿಗೆ ಸೇರುತ್ತದೆ. ತೂತಿಗಿಂತ ಮೇಲಿನ ಮಟ್ಟಕ್ಕೆ ಪೆಟ್ರೋಲ್ ತುಂಬಿಸಿದಾಗ ಪೆಟ್ರೋಲೇ ಆ ಕೊಳವೆಯಿಂದ ನೆಲಕ್ಕೆ ಸೋರುತ್ತದೆ.

ಲಕ್ಷಣಗಳು

ಒತ್ತಡದ ಕೊಳವೆ ಬಿರಿದಾಗ ಸೋರಿದ ಪೆಟ್ರೋಲ್ ಟ್ಯಾಂಕಿನೊಳಕ್ಕೇ ಬೀಳುವುದರಿಂದ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ವಾಸನೆಯೂ ಬರುವುದಿಲ್ಲ. ಕೀಲಿ ತಿರುಗಿಸಿದಾಗ ಪಂಪಿನ ಸದ್ದು ಎಂದಿನಂತೆ ಕೇಳಿಸುತ್ತದೆ. ಆದರೆ ಎಂಜಿನ್ ತಡವಾಗಿ ಚಾಲನೆಯಾಗುವುದು, ಏರುದಾರಿಯಲ್ಲಿ ಎಳೆತ ಕುಂದುವುದು, ವೇಗ ಹೆಚ್ಚಿಸಿದಾಗ ತಡವರಿಸುವುದು, ಕೊನೆಗೆ ಚಾಲನೆಯಾಗದಿರುವುದು ಕ್ರಮೇಣ ಕಂಡುಬರುತ್ತವೆ. ಪಂಪು ಸವೆದಾಗಲೂ, ಫಿಲ್ಟರ್ ಕಟ್ಟಿದಾಗಲೂ ಇವೇ ಲಕ್ಷಣಗಳಿರುತ್ತವೆ. ಆದ್ದರಿಂದ ದೋಷ ಕೊಳವೆಯಲ್ಲಿದ್ದರೂ ದುಬಾರಿಯಾದ ಪಂಪನ್ನು ಬದಲಿಸುವ ಸಾಧ್ಯತೆಯುಂಟು. ಟ್ಯಾಂಕು ಮತ್ತು ಇಂಜೆಕ್ಟರ್ ನಡುವೆ ಒತ್ತಡ ಮಾಪಕವನ್ನು ಜೋಡಿಸಿ ಅಳೆಯುವುದು ಮೊದಲ ಪರೀಕ್ಷೆ. ಒತ್ತಡ ಕಡಿಮೆ ಇದ್ದರೆ ಪಂಪನ್ನು ಹೊರತೆಗೆದು ಕೊಳವೆಯನ್ನು ಬಾಗಿಸಿ ನೋಡಿದ ನಂತರವೇ ಪಂಪಿನ ಬಗ್ಗೆ ತೀರ್ಮಾನಿಸುವುದು ಸೂಕ್ತ.

ಬದಲಾಯಿಸುವ ಕ್ರಮ

ವಿವರಗಳು ವಾಹನದಿಂದ ವಾಹನಕ್ಕೆ ಬದಲಾಗುತ್ತವೆ. ಸಾಮಾನ್ಯ ಕ್ರಮ ಹೀಗಿದೆ:

1. ಪಂಪಿನ ವಿದ್ಯುತ್ ಸಂಪರ್ಕ ತಪ್ಪಿಸಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕೊಳವೆಯೊಳಗಿನ ಒತ್ತಡವನ್ನು ಇಳಿಸಲಾಗುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಬಳಿಕ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಲಾಗುತ್ತದೆ.

2. ಟ್ಯಾಂಕಿನ ಪೆಟ್ರೋಲನ್ನು ಇಂಧನಕ್ಕೆಂದೇ ತಯಾರಿಸಿದ ಡಬ್ಬಿಗೆ ವರ್ಗಾಯಿಸಿ, ಟ್ಯಾಂಕನ್ನು ಕಳಚಿ ದಪ್ಪ ಬಟ್ಟೆಯ ಮೇಲೆ ಬೋರಲಾಗಿ ಇಡಲಾಗುತ್ತದೆ.

3. ಪಂಪಿನ ತಟ್ಟೆಯ ಬೋಲ್ಟುಗಳನ್ನು ಎದುರುಬದುರಾಗಿ ಸಡಿಲಿಸಿ, ಪೆಟ್ರೋಲ್ ಮಟ್ಟ ತೋರಿಸುವ ತೇಲುಗುಂಡಿನ ತಂತಿ ಬಾಗದಂತೆ ಜೋಡಣೆಯನ್ನು ಓರೆಯಾಗಿ ಹೊರತೆಗೆಯಲಾಗುತ್ತದೆ.

4. ಹಳೆಯ ಕೊಳವೆಯ ದಿಕ್ಕು, ಬಾಗು ಮತ್ತು ಉದ್ದವನ್ನು ಗುರುತಿಸಿಕೊಂಡು, ಕೆಳಗಿನ ನಳಿಕೆಗೆ ಗೀರು ಬೀಳದಂತೆ ಅದನ್ನು ಉದ್ದಕ್ಕೆ ಸೀಳಿ ತೆಗೆಯಲಾಗುತ್ತದೆ. ನಳಿಕೆಯ ಮೇಲಿನ ಗೀರು ಮುಂದೆ ಸೋರಿಕೆಗೆ ದಾರಿಯಾಗುತ್ತದೆ.

5. ಅದೇ ಒಳವ್ಯಾಸ ಮತ್ತು ಅದೇ ಉದ್ದದ ಆರ್10 ಕೊಳವೆಯನ್ನು ಕೂರಿಸಲಾಗುತ್ತದೆ. ಉದ್ದ ಹೆಚ್ಚಾದರೆ ಅದು ಮಡಚಿಕೊಂಡು ಹರಿವನ್ನು ತಡೆಯುತ್ತದೆ; ಕಡಿಮೆಯಾದರೆ ಎಳೆತಕ್ಕೆ ಸಿಕ್ಕು ಕಳಚಿಕೊಳ್ಳುತ್ತದೆ. ಎರಡೂ ತುದಿಗಳಿಗೆ ಅಂಚು ಮಡಿಚಿದ, ಒಳಮೈ ನಯವಾಗಿರುವ ಹೊಸ ಕ್ಲಿಪ್ಪುಗಳು ಬೇಕು. ತೂತುಗಳಿರುವ ಸಾಮಾನ್ಯ ಕ್ಲಿಪ್ಪು ರಬ್ಬರನ್ನು ಕೊಯ್ಯುತ್ತದೆ.

6. ಜಾಲರಿಯನ್ನು ಶುಚಿಗೊಳಿಸಿ, ಟ್ಯಾಂಕಿನ ತಳದ ನೀರು ಮತ್ತು ತುಕ್ಕನ್ನು ತೆಗೆದು, ತಟ್ಟೆಗೆ ಹೊಸ ರಬ್ಬರ್ ಬಳೆ ಹಾಕಿ, ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಎದುರುಬದುರಾಗಿ ಬಿಗಿಯಲಾಗುತ್ತದೆ.

7. ಟ್ಯಾಂಕನ್ನು ಜೋಡಿಸಿ ಸ್ವಲ್ಪ ಪೆಟ್ರೋಲ್ ಹಾಕಿ, ಎಂಜಿನ್ ಚಾಲನೆ ಮಾಡದೆ ಕೀಲಿಯನ್ನು ಎರಡು ಮೂರು ಬಾರಿ ತಿರುಗಿಸಿ ಪಂಪು ಒತ್ತಡ ತುಂಬುವಂತೆ ಮಾಡಲಾಗುತ್ತದೆ. ಎಲ್ಲಿಯೂ ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಎಂಜಿನ್ ಚಾಲನೆ ಮಾಡಬಹುದು.

ಸುರಕ್ಷತೆ

ಪೆಟ್ರೋಲ್ ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಾಪದಲ್ಲಿಯೂ ಬೆಂಕಿ ಹತ್ತಬಲ್ಲ ಆವಿಯನ್ನು ಹೊರಸೂಸುತ್ತದೆ. ಈ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ಹರಡಿ ತಗ್ಗಿನ ಕಡೆಗೆ ಸಾಗುತ್ತದೆ. ಮಲೆನಾಡಿನ ಮನೆಗಳಲ್ಲಿ ಬಚ್ಚಲಿನ ಒಲೆ, ಅಡಿಕೆ ಬೇಯಿಸುವ ಒಲೆ ಅಂಗಳದ ಸಮೀಪವೇ ಉರಿಯುವುದುಂಟು. ಕೆಲಸ ಮಾಡುವ ಜಾಗದಿಂದ ದೂರವೆಂದು ತೋರುವ ಒಲೆಯೂ ಆವಿಗೆ ಬೆಂಕಿ ಹೊತ್ತಿಸಬಲ್ಲದು. ಆದ್ದರಿಂದ ಒಲೆ, ದೀಪ, ಬೀಡಿ, ಕಿಡಿ ಹಾರುವ ಯಂತ್ರಗಳಿಲ್ಲದ, ಗಾಳಿಯಾಡುವ ಬಯಲಿನಲ್ಲಿಯೇ ಈ ಕೆಲಸ ಮಾಡಬೇಕು. ಪೆಟ್ರೋಲ್ ಬರಿದಾದ ಟ್ಯಾಂಕಿನಲ್ಲಿಯೂ ಆವಿ ತುಂಬಿರುವುದರಿಂದ ಅದು ನಿರಪಾಯಕರವಲ್ಲ. ಒಣ ಪುಡಿ ತುಂಬಿದ ಅಗ್ನಿಶಾಮಕವೋ ಮರಳಿನ ಬಕೆಟ್ಟೋ ಕೈಗೆಟಕುವಂತಿರಬೇಕು. ಉರಿಯುವ ಪೆಟ್ರೋಲಿಗೆ ನೀರು ಸುರಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ.

ತೆಗೆದ ನೀರು ಮಿಶ್ರಿತ ಪೆಟ್ರೋಲನ್ನು ಚರಂಡಿ, ಹಳ್ಳ ಅಥವಾ ತೋಟದ ಕಪ್ಪುಗಳಿಗೆ ಸುರಿಯಬಾರದು. ಅದು ಬಾವಿಯ ನೀರನ್ನೂ ಹೊಳೆಯನ್ನೂ ಸೇರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ದುರಸ್ತಿ ಕೇಂದ್ರಕ್ಕೆ ಒಪ್ಪಿಸುವುದು ಸೂಕ್ತ.

ನಿರ್ವಹಣೆ

ಪಂಪು ಅಥವಾ ಫಿಲ್ಟರಿಗಾಗಿ ಟ್ಯಾಂಕನ್ನು ಬಿಚ್ಚಿದಾಗಲೆಲ್ಲ ಕೊಳವೆಯನ್ನೂ ಪರೀಕ್ಷಿಸುವುದು, ಹಳತಾಗಿದ್ದರೆ ಅದೇ ಸಂದರ್ಭದಲ್ಲಿ ಬದಲಾಯಿಸುವುದು ರೂಢಿ. ಮಳೆಗಾಲಕ್ಕೆ ಮುನ್ನ ನೀರು ಬಸಿಯುವ ಕೊಳವೆಯ ತುದಿಯನ್ನು ಶುಚಿಗೊಳಿಸಬೇಕು. ವಾಹನವನ್ನು ವಾರಗಟ್ಟಲೆ ನಿಲ್ಲಿಸುವುದಿದ್ದರೆ ಸೂರಿನಡಿ ಇರಿಸಿ, ಟ್ಯಾಂಕನ್ನು ಬಹುಪಾಲು ತುಂಬಿಸಿಡುವುದರಿಂದ ತೇವದ ಗಾಳಿಗೆ ಒಳಗೆ ಹೆಚ್ಚು ಜಾಗ ಉಳಿಯುವುದಿಲ್ಲ.