ಸ್ಟಾಪ್‌ವಾಚ್ ಹಿಡಿದ ಅಮ್ಮಂದಿರು

1948ರ ಲಂಡನ್ ಒಲಿಂಪಿಕ್ಸ್‌ಗೆ ನೆದರ್‌ಲೆಂಡ್ಸ್‌ನಿಂದ ಹೊರಟ ಫ್ಯಾನಿ ಬ್ಲಾಂಕರ್ಸ್-ಕೋಯೆನ್‌ಗೆ ಆಗ 30 ವರ್ಷ. ಎರಡು ಮಕ್ಕಳ ತಾಯಿ. ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡಿರದೆ ಚಡ್ಡಿ ಹಾಕಿಕೊಂಡು ಓಡುವುದೇನು ಎಂದು ಬೈದು ಜನ ಆಕೆಗೆ ಕಾಗದ ಬರೆದಿದ್ದರು. ಓಡುವ ವಯಸ್ಸು ಮೀರಿತು ಎಂದು ಬ್ರಿಟಿಷ್ ತಂಡದ ಮ್ಯಾನೇಜರ್ ಕೂಡ ಹೇಳಿದ್ದರು. ಆಕೆ 100 ಮೀಟರ್, 200 ಮೀಟರ್, 80 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಹೀಗೆ ನಾಲ್ಕು ಚಿನ್ನ ಗೆದ್ದು ಊರಿಗೆ ಮರಳಿದರು. ಆ ಕೂಟದಲ್ಲಿ ಮಹಿಳೆಯರ ಅಥ್ಲೆಟಿಕ್ಸ್ ಸ್ಪರ್ಧೆಗಳಿದ್ದುದೇ ಒಂಬತ್ತು. ಎತ್ತರ ಜಿಗಿತ, ಉದ್ದ ಜಿಗಿತಗಳ ವಿಶ್ವದಾಖಲೆಯೂ ಆಗ ಆಕೆಯ ಹೆಸರಿನಲ್ಲೇ ಇತ್ತು. ಒಬ್ಬರಿಗೆ ಮೂರೇ ವೈಯಕ್ತಿಕ ಸ್ಪರ್ಧೆ ಎಂಬ ನಿಯಮವಿದ್ದುದರಿಂದ ಆ ಎರಡನ್ನು ಬಿಟ್ಟಿದ್ದರು.

ಪತ್ರಿಕೆಗಳು ಆಕೆಗೆ ಇಟ್ಟ ಹೆಸರು 'ಹಾರುವ ಗೃಹಿಣಿ'. ಆಮ್‌ಸ್ಟರ್‌ಡ್ಯಾಮ್‌ನ ನೆರೆಹೊರೆಯವರು ಕೊಟ್ಟ ಉಡುಗೊರೆ ಒಂದು ಸೈಕಲ್, ಇನ್ನು ಮುಂದೆ ಅಷ್ಟು ಓಡಬೇಕಾಗದಿರಲಿ ಅಂತ! ಗೆಳತಿಯರೇ, ಓದಿದಾಗ ನಗು ಬರುತ್ತದೆ. ಆದರೆ ನನಗೆ ಈ ಕತೆಯಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಫ್ಯಾನಿಯ ಕೋಚ್. ಆತನ ಹೆಸರು ಯಾನ್ ಬ್ಲಾಂಕರ್ಸ್, ಆಕೆಯ ಗಂಡ. 1928ರ ಒಲಿಂಪಿಕ್ಸ್‌ನಲ್ಲಿ ಟ್ರಿಪಲ್ ಜಂಪ್ ಮಾಡಿದ್ದವರು. ಹೆಂಗಸರು ಕ್ರೀಡಾಸ್ಪರ್ಧೆಗೆ ಇಳಿಯಬಾರದು ಎಂದೇ ಮೊದಲು ನಂಬಿದ್ದವರು. ಅಂಥವರೇ ಮುಂದೆ ದೇಶದ ಮಹಿಳಾ ತಂಡಕ್ಕೆ ತರಬೇತಿ ಕೊಟ್ಟರು. ಲಂಡನ್ನಿನಲ್ಲಿ ಎರಡು ಚಿನ್ನ ಗೆದ್ದ ಮೇಲೆ ಮಕ್ಕಳ ನೆನಪಾಗಿ, ಸಾಕು ಮನೆಗೆ ಹೋಗೋಣ ಎಂದು ಅತ್ತ ಫ್ಯಾನಿಯನ್ನು ಸಮಾಧಾನ ಮಾಡಿ 200 ಮೀಟರ್‌ಗೆ ಇಳಿಸಿದ್ದೂ ಅವರೇ. ಓಟ ನಿಲ್ಲಿಸಿದ ಮೇಲೆ ಫ್ಯಾನಿ 1958ರಿಂದ 1968ರವರೆಗೆ ಡಚ್ ಅಥ್ಲೆಟಿಕ್ಸ್ ತಂಡದ ಮುಖಂಡೆಯಾಗಿ ದೊಡ್ಡ ಕೂಟಗಳಿಗೆ ಹೋದರು. ಆದರೂ ಲೋಕ ಆಕೆಯನ್ನು ನೆನೆಯುವುದು ಓಡಿದ ತಾಯಿ ಎಂದೇ, ಓಡುವವರನ್ನು ಮುನ್ನಡೆಸಿದ ತಾಯಿ ಎಂದಲ್ಲ.

ಈ ವ್ಯತ್ಯಾಸವನ್ನು ಹಿಡಿದುಕೊಂಡೇ ನಾನು ಈ ಲೇಖನ ಬರೆಯುತ್ತಿದ್ದೇನೆ. ಹೆಣ್ಣು ಓಡಬಹುದೇ ಎಂಬ ಪ್ರಶ್ನೆ ಬಹಳ ಕಾಲ ನಡೆಯಿತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮೊದಲ ಸಲ 800 ಮೀಟರ್ ಓಟ ಇಟ್ಟರು. ಓಡಿದವರು ದಣಿದು ಕುಸಿದರೆಂದು ಪತ್ರಿಕೆಗಳು ಇದ್ದದ್ದಕ್ಕಿಂತ ಹೆಚ್ಚು ಬಣ್ಣ ಕಟ್ಟಿದವು. ಆ ಓಟ ಮತ್ತೆ ಒಲಿಂಪಿಕ್ಸ್‌ಗೆ ಬಂದದ್ದು 1960ರಲ್ಲಿ. ಮ್ಯಾರಥಾನ್ ಬಂದದ್ದು 1984ರಲ್ಲಿ. ತಾಯಿಯಾದ ಮೇಲೆ ಓಡಬಹುದೇ ಎಂಬ ಪ್ರಶ್ನೆಗೆ ಫ್ಯಾನಿಯಂಥವರು ಉತ್ತರ ಕೊಟ್ಟರು. ಮೂರನೆಯ ಪ್ರಶ್ನೆ ಉಳಿದೇ ಇದೆ. ಆಟ ಬಲ್ಲ ತಾಯಿ ಮೈದಾನದಲ್ಲಿ ನೀರಿನ ಬಾಟಲಿ ಹಿಡಿದು ನಿಲ್ಲಬೇಕೋ, ಸ್ಟಾಪ್‌ವಾಚ್ ಹಿಡಿದು ನಿಲ್ಲಬಹುದೋ?

ಟೆನಿಸ್‌ನಲ್ಲಿ ಇದಕ್ಕೆ ಉತ್ತರ ಕೊಟ್ಟ ಮೂವರು ತಾಯಂದಿರು ನೆನಪಾಗುತ್ತಾರೆ. ಅಮೆರಿಕದ ಗ್ಲೋರಿಯಾ ಕಾನರ್ಸ್ ಸ್ವತಃ ಆಟಗಾರ್ತಿ. ತನ್ನ ತಾಯಿಯ ಜೊತೆ ಸೇರಿ ಮಗ ಜಿಮ್ಮಿಗೆ ಆಟ ಕಲಿಸಿದರು. ಅಮ್ಮ, ಅಜ್ಜಿ ಕಲಿಸಿದ ಆಟದಿಂದ ಆ ಹುಡುಗ ಎಂಟು ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಗೆದ್ದ. ಚೆಕೊಸ್ಲೊವಾಕಿಯಾದಲ್ಲಿ ಟೆನಿಸ್ ಆಡುತ್ತಿದ್ದ ಮೆಲಾನಿ ಮೊಲಿಟರ್ ಮಗಳಿಗೆ ಮಾರ್ಟಿನಾ ನವ್ರಾಟಿಲೋವಾ ಹೆಸರನ್ನೇ ಇಟ್ಟು, ತಾವೇ ಕೋಚ್ ಆಗಿ ಬೆಳೆಸಿದರು. ಆ ಮಗಳು ಮಾರ್ಟಿನಾ ಹಿಂಗಿಸ್ 1997ರಲ್ಲಿ, 16ನೇ ವಯಸ್ಸಿಗೇ, ವಿಶ್ವದ ನಂಬರ್ ಒನ್ ಆದಳು.

ಮೂರನೆಯವರು ಸ್ಕಾಟ್‌ಲೆಂಡಿನ ಜೂಡಿ ಮರ್ರೆ. ಡನ್‌ಬ್ಲೇನ್ ಎಂಬ ಚಿಕ್ಕ ಊರಿನ ಕ್ಲಬ್ಬಿನಲ್ಲಿ ಊರ ಮಕ್ಕಳಿಗೆ ಸಂಬಳವಿಲ್ಲದೆ ಆಟ ಹೇಳಿಕೊಡಲು ಶುರುಮಾಡಿದ ತಾಯಿ, 1995ರಲ್ಲಿ ಸ್ಕಾಟ್‌ಲೆಂಡಿನ ರಾಷ್ಟ್ರೀಯ ಕೋಚ್ ಆದರು. ಆಗ ಅವರ ಮಕ್ಕಳಾದ ಜೇಮಿ, ಆಂಡಿ ಇಬ್ಬರಿಗೂ ಹತ್ತು ವರ್ಷ ತುಂಬಿರಲಿಲ್ಲ. ಮುಂದೆ ಆಂಡಿ ಸಿಂಗಲ್ಸ್‌ನಲ್ಲಿ, ಜೇಮಿ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು. 2011ರಿಂದ 2016ರವರೆಗೆ ಜೂಡಿ ಬ್ರಿಟನ್ನಿನ ಫೆಡ್ ಕಪ್ ತಂಡದ ನಾಯಕಿಯಾಗಿದ್ದರು. ಇಷ್ಟೆಲ್ಲ ಇದ್ದರೂ ಪತ್ರಿಕೆಗಳು ಅವರ ಮೇಲೆ ಒತ್ತಿದ ಮುದ್ರೆ 'ಮಕ್ಕಳನ್ನು ತಳ್ಳುವ ತಾಯಿ' ಎಂಬುದು. ಗ್ಯಾಲರಿಯಲ್ಲಿ ಕುಳಿತ ಅಪ್ಪ ಮುಷ್ಟಿ ಬಿಗಿದರೆ ಹುಮ್ಮಸ್ಸು, ಅಮ್ಮ ಬಿಗಿದರೆ ಹಟ! ಈ ಲೆಕ್ಕ ನಮ್ಮ ಅಪಾರ್ಟ್‌ಮೆಂಟಿನ ಬ್ಯಾಡ್ಮಿಂಟನ್ ಕೋರ್ಟಿನಲ್ಲೂ ನಡೆಯುತ್ತದೆ, ನೀವೂ ನೋಡಿರುತ್ತೀರಿ.

ಈಗ ನಮ್ಮ ದೇಶಕ್ಕೆ ಬರೋಣ. 1984ರ ಲಾಸ್ ಏಂಜಲೀಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪಿ.ಟಿ. ಉಷಾ ಪದಕ ಕಳೆದುಕೊಂಡದ್ದನ್ನು ನಮ್ಮ ಅಮ್ಮಂದಿರು ಇಂದಿಗೂ ಹೇಳುತ್ತಾರೆ. ಅದಕ್ಕಿಂತ ಕಡಿಮೆ ಹೇಳುವ ಭಾಗ ಮುಂದಿನದು. 1991ರಲ್ಲಿ ಮದುವೆ, ಆಮೇಲೆ ಮಗ. ಮತ್ತೆ ಟ್ರ್ಯಾಕಿಗೆ ಮರಳಿ, 1998ರ ಏಷ್ಯನ್ ಅಥ್ಲೆಟಿಕ್ಸ್‌ನಲ್ಲಿ 200 ಮತ್ತು 400 ಮೀಟರ್‌ಗಳಲ್ಲಿ ಕಂಚು. ಆಗ ಅವರಿಗೆ 34 ವರ್ಷ. 2002ರಲ್ಲಿ ಕೇರಳದ ಕೊಯಿಲಾಂಡಿಯಲ್ಲಿ ಉಷಾ ಸ್ಕೂಲ್ ಆಫ್ ಅಥ್ಲೆಟಿಕ್ಸ್ ಶುರುವಾಯಿತು. ಅಲ್ಲಿ ಬೆಳೆದ ಟಿಂಟು ಲೂಕಾ 2010ರಲ್ಲಿ 800 ಮೀಟರ್ ಓಟವನ್ನು 1 ನಿಮಿಷ 59.17 ಸೆಕೆಂಡಿನಲ್ಲಿ ಮುಗಿಸಿ, ಶೈನಿ ವಿಲ್ಸನ್ ಹೆಸರಿನಲ್ಲಿ 15 ವರ್ಷದಿಂದ ಇದ್ದ ರಾಷ್ಟ್ರೀಯ ದಾಖಲೆಯನ್ನು ಮುರಿದರು. ಒಮ್ಮೆ ಹೆಂಗಸರಿಗೆ ಆಗದು ಎಂದು ಒಲಿಂಪಿಕ್ಸ್‌ನಿಂದ ತೆಗೆದುಹಾಕಿದ್ದ ಅದೇ ಓಟ!

ಬೆಂಗಳೂರಿನಲ್ಲಿ ನೆಲೆಸಿರುವ ಅಂಜು ಬಾಬಿ ಜಾರ್ಜ್ 2003ರಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.70 ಮೀಟರ್ ಜಿಗಿದು ಕಂಚು ಗೆದ್ದವರು. ಅವರ ಕೋಚ್ ಕೂಡ ಗಂಡನೇ, ರಾಬರ್ಟ್ ಬಾಬಿ ಜಾರ್ಜ್. ಕಾಕತಾಳೀಯವೆಂದರೆ ಇವರೂ ಟ್ರಿಪಲ್ ಜಂಪ್ ಆಟಗಾರ. ಈ ದಂಪತಿಯ ಬಳಿ ಕಲಿತ ಝಾನ್ಸಿಯ ಹುಡುಗಿ ಶೈಲಿ ಸಿಂಗ್ 2021ರಲ್ಲಿ ನೈರೋಬಿಯ 20 ವರ್ಷದೊಳಗಿನವರ ವಿಶ್ವಕೂಟದಲ್ಲಿ 6.59 ಮೀಟರ್ ಜಿಗಿದಳು. ಬೆಳ್ಳಿ ಬಂತು, ಒಂದೇ ಸೆಂಟಿಮೀಟರಿಗೆ ಚಿನ್ನ ತಪ್ಪಿತು. ಶೈಲಿಯನ್ನು ಬೆಳೆಸಿದ ತಾಯಿ ಬಟ್ಟೆ ಹೊಲಿದು ಮನೆ ನಡೆಸಿದವರು. ಒಬ್ಬ ತಾಯಿ ಮಗಳನ್ನು ದೂರದ ಊರಿಗೆ ಕಳಿಸುವ ಧೈರ್ಯ ಮಾಡಿದರು, ಇನ್ನೊಬ್ಬ ತಾಯಿ ಅವಳಿಗೆ ಜಿಗಿಯುವುದನ್ನು ಕಲಿಸುವ ಜವಾಬ್ದಾರಿ ಹೊತ್ತರು. ಅದೇ ವರ್ಷ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅಂಜು ಅವರಿಗೆ ವರ್ಷದ ಮಹಿಳೆ ಗೌರವ ಕೊಟ್ಟದ್ದು ಜಿಗಿತಕ್ಕಾಗಿ ಅಲ್ಲ, ಹುಡುಗಿಯರನ್ನು ತಯಾರು ಮಾಡಿದ್ದಕ್ಕಾಗಿ.

ನಮ್ಮ ಕೊಡಗಿನ ಪ್ರಮೀಳಾ ಅಯ್ಯಪ್ಪ ತಾಯಿಯಾದ ಮೇಲೆ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಹೆಪ್ಟಾಥ್ಲಾನ್‌ನಲ್ಲಿ ಕಂಚು ಗೆದ್ದರು. ಎರಡು ದಿನದಲ್ಲಿ ಏಳು ಸ್ಪರ್ಧೆ! ನಮ್ಮ ವಾರಾಂತ್ಯ ನೆನಪಾಯಿತೇ? ಮಗಳು ಉನ್ನತಿ ಹರ್ಡಲ್ಸ್ ಓಡುತ್ತಾಳೆ, ತರಬೇತಿ ತಂದೆ ತಾಯಿಯದೇ. ಓಟದಲ್ಲಿ ಉಷಾ ಅವರನ್ನೇ ಹಿಂದಿಕ್ಕಿದ್ದ ಅಶ್ವಿನಿ ನಾಚಪ್ಪ, ಹಾಕಿ ಆಟಗಾರರಾದ ಪತಿಯ ಜೊತೆ ಗೋಣಿಕೊಪ್ಪಲಿನಲ್ಲಿ ಆಟಕ್ಕೂ ಪಾಠದಷ್ಟೇ ಜಾಗವಿರುವ ಶಾಲೆ ಕಟ್ಟಿದರು.

ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಂಡದ್ದು ಇಷ್ಟು. ನಮ್ಮ ದೇಶದಲ್ಲಿ ಸ್ಟಾಪ್‌ವಾಚ್ ಹಿಡಿದ ತಾಯಂದಿರು ಹೆಚ್ಚಾಗಿ ಮೊದಲು ತಾವೇ ಪದಕ ಗೆದ್ದವರು, ಜೊತೆಗೆ ಮನೆಯಲ್ಲಿ ಆಟ ಗೊತ್ತಿರುವ ಅಥವಾ ಆಟವನ್ನು ಗೌರವಿಸುವ ಗಂಡನಿದ್ದವರು. ಪದಕವಿಲ್ಲದ ತಾಯಿಗೆ ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು 1985ರಲ್ಲಿ. ಉಷಾ ಅವರ ಗುರು ಓ.ಎಂ. ನಂಬಿಯಾರ್ ಮೊದಲ ವರ್ಷವೇ ಪಡೆದರು. ಅಲ್ಲಿಂದ ಇಲ್ಲಿಯವರೆಗಿನ ಪಟ್ಟಿಯಲ್ಲಿ ಹೆಂಗಸರ ಹೆಸರು ಹುಡುಕಿ ಹುಡುಕಿ ತೆಗೆಯಬೇಕು. 2005ರಲ್ಲಿ ದೆಹಲಿಯ ಕ್ರಿಕೆಟ್ ಕೋಚ್ ಸುನೀತಾ ಶರ್ಮಾ ಸಿಗುತ್ತಾರೆ, ಟೆಸ್ಟ್ ವಿಕೆಟ್ ಕೀಪರ್ ದೀಪ್ ದಾಸ್‌ಗುಪ್ತಾ ಅವರ ಶಿಷ್ಯ. 2013ರಲ್ಲಿ ಬಿಲ್ಲುಗಾರಿಕೆಯ ಪೂರ್ಣಿಮಾ ಮಹತೋ ಸಿಗುತ್ತಾರೆ. ಹೆಂಗಸರು ಗಂಡುಮಕ್ಕಳಿಗೆ ಕಲಿಸಲಾರರು ಎಂಬ ಮಾತಿಗೆ ಸುನೀತಾ ಅವರ ಒಂದು ಹೆಸರೇ ಸಾಕು.

ನಾನೂ ಪದಕವಿಲ್ಲದವಳೇ. ತುಮಕೂರಿನ ಕಡೆಯ ಹಳ್ಳಿಶಾಲೆಯಲ್ಲಿ ಖೋಖೋ ಕಲಿತು ಕಾಲೇಜು ತಂಡದವರೆಗೆ ಆಡಿದೆ. ಎಂ.ಟೆಕ್., ಕ್ಯಾಂಪಸ್ ಇಂಟರ್‌ವ್ಯೂ, ಹಿಂಜವಡಿಯ ಆಫೀಸು, ಮದುವೆ, ಮಗಳು, ಮಗ. ಶೂ ಮಾತ್ರ ಬೀರುವಿನ ಕೆಳಗೇ ಇತ್ತು. ನಾನು ಬಂದು ಸೇರಿದ ಊರು ಪುಣೆ, ಇಲ್ಲಿನ ಡೆಕ್ಕನ್ ಜಿಮ್ಖಾನಾದಲ್ಲೇ ನೂರು ವರ್ಷಕ್ಕೂ ಹಿಂದೆ ಖೋಖೋಗೆ ಬರೆದಿಟ್ಟ ನಿಯಮಗಳು ಬಂದದ್ದು ಎಂದು ತಿಳಿದ ದಿನ ಯಾಕೋ ಈ ಊರು ನಮ್ಮದೇ ಅನ್ನಿಸಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದಾಗ ನಮ್ಮ ಹುಡುಗಿಯರು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ನಾಯಕಿ ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ, ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ. ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ಮಗಳು ಸೋಫಾಗಳ ನಡುವೆ "ಖೋ" ಎಂದು ಕೂಗುತ್ತಾ ಓಡಿದಳು.

ಖೋಖೋದಲ್ಲಿ ಅಂಕಣದ ಒಳಗೆ ಅಟ್ಟುವವರು ಒಂಬತ್ತು ಮಂದಿ. ಎಂಟು ಜನ ಸಾಲಾಗಿ, ಒಬ್ಬರು ಈ ಕಡೆ ಇನ್ನೊಬ್ಬರು ಆ ಕಡೆ ಮುಖ ಮಾಡಿ ಕುಳಿತಿರುತ್ತಾರೆ, ಒಬ್ಬಳು ಮಾತ್ರ ಓಡುತ್ತಾಳೆ. ಹಿಡಿದ ದಿಕ್ಕು ಬಿಟ್ಟು ಆಕೆ ತಿರುಗುವಂತಿಲ್ಲ, ನಡುವಿನ ಗೆರೆ ದಾಟುವಂತಿಲ್ಲ. ಆದ್ದರಿಂದ ವೇಗಕ್ಕಿಂತ ಮುಖ್ಯವಾದದ್ದು ಯಾರಿಗೆ, ಯಾವ ಕ್ಷಣ ಖೋ ಕೊಡಬೇಕು ಎಂಬ ತಿಳಿವಳಿಕೆ. ಕುಳಿತವಳೂ ಸುಮ್ಮನೆ ಕುಳಿತಿರುವುದಿಲ್ಲ. ಹಿಮ್ಮಡಿ ಎತ್ತಿ, ಬೆರಳ ಮೇಲೆ ಭಾರ ಹಾಕಿ, ಎದುರಾಳಿಯ ಭುಜ ಯಾವ ಕಡೆ ವಾಲಿತೆಂದು ನೋಡುತ್ತಿರುತ್ತಾಳೆ. ಇದನ್ನು ಹೇಳಿಕೊಡುವುದು ನನಗೆ ಗೊತ್ತು. ಆರು ತಿಂಗಳಿಂದ ಶನಿವಾರ ಸಂಜೆ ನಮ್ಮ ಸೊಸೈಟಿಯ ಹನ್ನೊಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ಕಳೆದ ವರ್ಷ ಮಗಳ ಬೇಸಿಗೆ ಶಿಬಿರವೊಂದರಲ್ಲಿ, ಮಕ್ಕಳು ಕಂಬದ ಬಳಿ ಕಾಲು ಜಾರಿ ಬೀಳುವುದನ್ನು ಕಂಡು, ತಿರುಗುವಾಗ ಮೈ ತಗ್ಗಿಸಲು ಹೇಳಿ ಎಂದು ಅಲ್ಲಿನ ತರಬೇತುದಾರರಿಗೆ ಹೇಳಿದ್ದೆ. "ಮೇಡಂ, ಪೇರೆಂಟ್ಸ್ ಅಲ್ಲಿ ಕೂತ್ಕೊಳ್ಳಿ" ಎಂದು ಬೆಂಚು ತೋರಿಸಿದರು. ಕೂತುಕೊಂಡೆ. ಆ ಬೆಂಚಿನ ಮೇಲೇ ಫೋನಿನಲ್ಲಿ ಕೋಚಿಂಗ್ ಕೋರ್ಸುಗಳ ಬಗ್ಗೆ ಹುಡುಕಿದೆ.

ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಲ್ಲಿ ಮಹಾರಾಜರ ಹಳೆಯ ಅರಮನೆಯಲ್ಲಿ ಆರಂಭವಾದದ್ದು. ಪೂರ್ಣ ಡಿಪ್ಲೊಮಾ ಅಲ್ಲದೆ ಆರು ವಾರಗಳ ಸರ್ಟಿಫಿಕೇಟ್ ಕೋರ್ಸೂ ಅಲ್ಲಿದೆ. ಆರು ವಾರ! ಆಫೀಸಿನಲ್ಲಿ ರಜೆಗೆ ಮ್ಯಾನೇಜರ್ ಎರಡೇ ದಿನದಲ್ಲಿ ಒಪ್ಪಿದರು. ಮನೆಯಲ್ಲಿ ಮಾತುಕತೆಗೆ ಎರಡು ತಿಂಗಳು ಹಿಡಿಯಿತು. ಮಗನಿಗೆ ಇನ್ನೂ ನಾಲ್ಕು ವರ್ಷ, ರಾತ್ರಿ ಅಮ್ಮನೇ ಬೇಕು. "ಇರುವ ಒಳ್ಳೇ ಕೆಲಸ ಸಾಲದೇ?" ಎಂದು ಅತ್ತೆ ಕೇಳಿದರು. ಅದು ಕುಹಕವಲ್ಲ, ನಿಜವಾದ ಪ್ರಶ್ನೆ. ಕೆಲಸ ಬಿಡುವುದಿಲ್ಲ, ಶನಿವಾರ ಭಾನುವಾರದ ಕೋಚ್ ಆಗುತ್ತೇನೆ ಎಂದೆ. ಅವರಿಗೆ ಫ್ಯಾನಿಯ ಕತೆ ಹೇಳಿದೆ. ಸೈಕಲ್ ಉಡುಗೊರೆಯ ಭಾಗಕ್ಕೆ ಜೋರಾಗಿ ನಕ್ಕು, "ಓಡಿ ಗೆದ್ದವಳಿಗೆ ಓಡಬೇಡ ಅಂತ ಸೈಕಲ್ಲೇ?" ಎಂದರು. ಒಂದು ವಾರದ ಮೇಲೆ ತಾವಾಗಿಯೇ ಕೇಳಿದರು, ಪಟಿಯಾಲದಲ್ಲಿ ಬೇಸಿಗೆಯ ಬಿಸಿಲು ಎಷ್ಟಿರುತ್ತದೆ ಅಂತ.

ಇನ್ನೂ ಅರ್ಜಿ ಹಾಕಬೇಕು, ಆಯ್ಕೆಯಾಗಬೇಕು. ಆಗದಿದ್ದರೂ ಶನಿವಾರದ ಆಟ ನಿಲ್ಲುವುದಿಲ್ಲ. ನಮ್ಮ ಸಂಘದಲ್ಲೇ ಶಾಲೆಯಲ್ಲಿ ಥ್ರೋಬಾಲ್, ಕಬಡ್ಡಿ, ಷಟಲ್ ಆಡಿದವರು ಎಷ್ಟು ಜನ ಇದ್ದೀರಿ! ರಾಜ್ಯೋತ್ಸವದ ಮ್ಯೂಸಿಕಲ್ ಚೇರ್‌ನಲ್ಲಿ ನಿಮ್ಮ ಓಟ ನೋಡಿಯೇ ಗೊತ್ತಾಗುತ್ತದೆ. ಆ ವಿದ್ಯೆ ನಮ್ಮ ಮಕ್ಕಳಿಗೆ ಬೇಕು. ನಮ್ಮ ಖೋಖೋ ಶನಿವಾರ ಸಂಜೆ ಐದೂವರೆಗೆ ಶುರು. ಈಗ ಹನ್ನೊಂದು ಮಕ್ಕಳಿದ್ದಾರೆ, ತಂಡಕ್ಕೆ ಹನ್ನೆರಡು ಬೇಕು. ನಿಮ್ಮ ಮಗಳನ್ನು ಕರೆತನ್ನಿ, ಬರುವಾಗ ನೀವೂ ಶೂ ಹಾಕಿಕೊಂಡೇ ಬನ್ನಿ.