ಕಾಶಿಯ ನಾಟಕದಲ್ಲಿ ರೋಗದ ಪಾತ್ರ

ಕಾಶಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ವಿಶ್ವನಾಥ, ಗಂಗೆ ಮತ್ತು ಮಣಿಕರ್ಣಿಕೆ. ಆ ಊರಿಗೂ ವೈದ್ಯಕ್ಕೂ ಇರುವ ಹಳೆಯ ನಂಟನ್ನು ನೆನೆಯುವವರು ಕಡಿಮೆ. ಸುಶ್ರುತನಿಗೆ ಶಸ್ತ್ರವೈದ್ಯವನ್ನು ಉಪದೇಶಿಸಿದ ದಿವೋದಾಸ ಧನ್ವಂತರಿ ಕಾಶಿಯ ಅರಸನೆಂದೇ ಸುಶ್ರುತ ಸಂಹಿತೆ ಹೇಳುತ್ತದೆ. ಅದೇ ಊರಿನಲ್ಲಿ, 1880ರ ಸುಮಾರಿಗೆ, ನಾಟಕಕಾರರೊಬ್ಬರು ರೋಗವನ್ನೇ ಒಂದು ಪಾತ್ರವನ್ನಾಗಿ ಮಾಡಿ ಮಾತನಾಡಿಸಿದರು.

ಅವರೇ ಭಾರತೇಂದು ಹರಿಶ್ಚಂದ್ರ (1850–1885). ಆಧುನಿಕ ಹಿಂದಿ ಸಾಹಿತ್ಯದ ಜನಕರೆನಿಸಿದ ಇವರು ಕಾಶಿಯ ಶ್ರೀಮಂತ ವರ್ತಕ ಮನೆತನದವರು. ಬದುಕಿದ್ದು ಮೂವತ್ತನಾಲ್ಕೇ ವರ್ಷ. ಅವರು ರಂಗವೇರಿದ್ದೂ ಒಂದು ಕಾಯಿಲೆಯ ದೆಸೆಯಿಂದಲೇ ಎನ್ನುತ್ತಾರೆ. 1868ರ ಏಪ್ರಿಲ್ 3ರಂದು ಕಾಶಿಯಲ್ಲಿ ಶೀತಲಾ ಪ್ರಸಾದ್ ತ್ರಿಪಾಠಿಯವರ ‘ಜಾನಕೀ ಮಂಗಲ’ದ ಪ್ರಯೋಗವಿತ್ತು. ಲಕ್ಷ್ಮಣನ ಪಾತ್ರಧಾರಿ ಹಾಸಿಗೆ ಹಿಡಿದಿದ್ದರಿಂದ, ಹದಿನೇಳರ ಹರಿಶ್ಚಂದ್ರರು ಆತನ ಮಾತುಗಳನ್ನು ಬಾಯಿಪಾಠ ಮಾಡಿ ವೇಷ ಕಟ್ಟಿದರಂತೆ.

1881ರ ಅವರ ‘ಅಂಧೇರ್ ನಗರಿ’ ಪ್ರಹಸನ ದಶಾಶ್ವಮೇಧದ ನ್ಯಾಷನಲ್ ಥಿಯೇಟರಿಗಾಗಿ ಬರೆದದ್ದು. ಅದರ ಸಂತೆಯ ದೃಶ್ಯದಲ್ಲಿ ಚೂರ್ಣ ಮಾರುವವನೊಬ್ಬ ಬರುತ್ತಾನೆ. ಅವನ ಚೂರ್ಣ ತಿಂದರೆ ಕಚೇರಿಯ ನೌಕರರಿಗೆ ಲಂಚ ಜೀರ್ಣವಾಗುತ್ತದೆ. ಪೊಲೀಸರಿಗೆ ಕಾನೂನು ಜೀರ್ಣವಾಗುತ್ತದೆ. ಸಾಹೇಬರಿಗೆ ಇಡೀ ಹಿಂದೂಸ್ಥಾನವೇ ಜೀರ್ಣವಾಗುತ್ತದೆ! ಸರ್ಕಾರಿ ಕಚೇರಿಯ ಅನ್ನ ಉಣ್ಣುವ ನಮಗೆ ನಗಲು ಸ್ವಲ್ಪ ಸಂಕೋಚವೇ ಆಯಿತು.

ಆದರೆ ನಮ್ಮನ್ನು ತಡೆದು ನಿಲ್ಲಿಸಿದ್ದು ಅವರ ‘ಭಾರತ ದುರ್ದಶಾ’. ಅಲ್ಲಿ ಭಾರತವನ್ನು ನಾಶಮಾಡಲು ಹೊರಟ ದುರ್ದೈವದ ಸೇನೆಯಲ್ಲಿ ಆಲಸ್ಯ, ಮದಿರೆಗಳ ಜೊತೆಗೆ ರೋಗವೂ ಒಬ್ಬ ವೀರ. ಅವನ ಜಂಬವೋ ಜಂಬ. ದಿವೋದಾಸ, ಸುಶ್ರುತ, ಚರಕರ ಕಾಲ ಮುಗಿಯಿತು, ವೈದ್ಯವೀಗ ಬರಿಯ ಹೊಟ್ಟೆಪಾಡು ಎನ್ನುತ್ತಾನೆ. ರಸ್ತೆ ಗುಡಿಸಿ ತನ್ನನ್ನು ಓಡಿಸಹೊರಟ ಪುರಸಭೆಯನ್ನು ಕಂಡು ನಗುತ್ತಾನೆ. ಸಿಡುಬು, ಕಾಲರಾ, ಡೆಂಗಿಗಳನ್ನು ದಂಡು ಕಳಿಸುವೆನೆನ್ನುತ್ತಾನೆ. ಕಡೆಗೆ ಅವನು ಹೇಳುವ ಮಾತು ಎಲ್ಲಕ್ಕಿಂತ ಕ್ರೂರ: ಡಾಕ್ಟರರು ಸಿಡುಬಿಗೆ ಲಸಿಕೆ ಹಾಕಿಸಿರೆಂದರೂ ಈ ಜನ ಶೀತಲೆಯ ಭಯದಿಂದ ಒಪ್ಪುವುದಿಲ್ಲ, ಉಪಾಯ ಕೈಯಲ್ಲಿದ್ದೂ ಮುದ್ದು ಮಕ್ಕಳ ಜೀವವನ್ನು ತಾವೇ ತೆಗೆಯುತ್ತಾರೆ.

ಇದನ್ನು ಓದಿ ಪುಸ್ತಕ ಮುಚ್ಚಿಟ್ಟೆವು. ನಮ್ಮ ಅಜ್ಜಿಯ ಚೊಚ್ಚಲ ಮಗು ನಾಲ್ಕನೆಯ ವಯಸ್ಸಿನಲ್ಲಿ ಸಿಡುಬಿಗೆ ಬಲಿಯಾಯಿತು. ಲಸಿಕೆಯವರು ಊರಿಗೆ ಬಂದಾಗ, ಅಮ್ಮ ಮುನಿದಾಳೆಂದು ಹೆದರಿ, ಅಜ್ಜಿ ಆ ಮಗುವನ್ನು ಕಣಜದ ಹಿಂದೆ ಬಚ್ಚಿಟ್ಟಿದ್ದಳಂತೆ. ಭಾರತೇಂದು ಹೇಳಿದ್ದು ಸತ್ಯವೇ. ಆದರೆ ಅಜ್ಜಿಯ ಮುಂದೆ ನಿಂತು ಆ ಮಾತನ್ನು ಹೇಳುವ ಧೈರ್ಯ ಯಾರಿಗಿದೆ? ಆಮೇಲೆ ಹುಟ್ಟಿದ ಮಕ್ಕಳನ್ನೆಲ್ಲ ಅವಳೇ ಎತ್ತಿಕೊಂಡು ಹೋಗಿ ‘ದೇವಿ ಹಾಕಿಸಿ’ಕೊಂಡು ಬಂದಳು. ಮಾರಿಗುಡಿಗೆ ಎಡೆ ಒಯ್ಯುವುದನ್ನೂ ಬಿಡಲಿಲ್ಲ.

‘ದೇವಿ ಹಾಕಿಸುವುದು’ ಎಂಬ ನಮ್ಮ ಮಾತನ್ನು ಓದುಗರು ಒಮ್ಮೆ ಯೋಚಿಸಬೇಕು. ನಾಟಕದಲ್ಲಿ ಶೀತಲೆ ಒಂದು ಕಡೆ, ಡಾಕ್ಟರು ಇನ್ನೊಂದು ಕಡೆ. ನಮ್ಮ ಹಳ್ಳಿಯ ಜನ ಲಸಿಕೆಗೇ ದೇವಿಯೆಂದು ಕರೆದು ಇಬ್ಬರನ್ನೂ ಒಂದು ಮಾಡಿಬಿಟ್ಟರು. ಮುನಿದರೆ ಬರುವವಳೂ ಅವಳೇ, ಸೂಜಿಯ ಮೊನೆಯಲ್ಲಿ ಬಂದು ಕಾಯುವವಳೂ ಅವಳೇ. ಹೊಸ ಮದ್ದು ಮನೆಯೊಳಕ್ಕೆ ಬರಲು ಇದೂ ಒಂದು ದಾರಿ.

ಭಾರತಕ್ಕೆ ಗೋವಿನ ಸಿಡುಬಿನ ಲಸಿಕೆ ಬಂದದ್ದು 1802ರಲ್ಲಿ, ಮುಂಬಯಿಗೆ. ಕೆಲವೇ ವರ್ಷಗಳಲ್ಲಿ, 1805ರ ಸುಮಾರಿಗೆ, ಥಾಮಸ್ ಹಿಕಿ ಬರೆದ ಮೈಸೂರು ಅರಮನೆಯ ಸ್ತ್ರೀಯರ ಚಿತ್ರದಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರುತ್ತಿದ್ದಾಳೆ. ಅದು ಲಸಿಕೆಯ ಪ್ರಚಾರಕ್ಕಾಗಿ ಬರೆಸಿದ ಚಿತ್ರವೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ಅಭಿಪ್ರಾಯ. ಮುಂದೆ 1970ರ ದಶಕದಲ್ಲಿ ಆರೋಗ್ಯ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರ ಹಿಡಿದು ಮನೆಮನೆ ತಿರುಗಿದರು. ಬಿ.ಎಸ್ಸಿ.ಯಲ್ಲಿ ನಾವು ಓದಿದ್ದು ಇಷ್ಟೇ: ಈ ವೈರಸ್ಸಿಗೆ ಮನುಷ್ಯನ ಹೊರತು ಬೇರೆ ಆಶ್ರಯವಿಲ್ಲ, ಆದ್ದರಿಂದ ಬೇರುಸಹಿತ ಕೀಳಬಹುದು. ಆದರೆ ಪ್ರತಿ ಬಾಗಿಲಲ್ಲೂ ನಿಂತು ತೋರಿಸಿ, ಹೇಳಿ, ಒಪ್ಪಿಸುವವರಿಲ್ಲದೆ ಆ ವಿಜ್ಞಾನ ಪುಸ್ತಕದಲ್ಲೇ ಉಳಿಯುತ್ತಿತ್ತು. 1975ರ ಮೇ ತಿಂಗಳಲ್ಲಿ ನಮ್ಮ ನೆಲದ ಕೊನೆಯ ಸಿಡುಬು ಕಂಡಿತು. 1977ರಲ್ಲಿ ಭಾರತವೂ 1980ರಲ್ಲಿ ಜಗತ್ತೂ ಸಿಡುಬಿನಿಂದ ಮುಕ್ತವೆಂದು ಸಾರಲಾಯಿತು. ರೋಗನ ಸೇನಾಪತಿಗಳಲ್ಲಿ ಒಬ್ಬ ಬಿದ್ದ. ಡೆಂಗಿ ಇನ್ನೂ ಇದ್ದಾನೆ.

ಕಳೆದ ಎಲ್.ಟಿ.ಸಿ.ಯಲ್ಲಿ ಸಂಸಾರಸಮೇತ ಕಾಶಿಗೆ ಹೋಗಿದ್ದೆವು. ಜಂಗಮವಾಡಿ ಮಠದ ಕಡೆಯಿಂದ ದಶಾಶ್ವಮೇಧಕ್ಕೆ ನಡೆದು ಬಂದರೆ, ಪಕ್ಕದ ಘಾಟಿನಲ್ಲೇ ಶೀತಲೆಯ ಗುಡಿ. ಮಳೆಗಾಲದಲ್ಲಿ ಗಂಗೆ ಅದರೊಳಗೆ ನುಗ್ಗುತ್ತಾಳೆ. ಎಳೆಗೂಸುಗಳನ್ನು ಎತ್ತಿಕೊಂಡ ತಾಯಂದಿರ ಸಾಲಿನಲ್ಲಿ ನಮ್ಮ ತಾಯಿಯವರೂ ನಿಂತರು. ಕೈ ಮುಗಿದಾಗ ಅವರ ತೋಳಿನ ಮೇಲಿನ ಎರಡು ದುಂಡು ಕಲೆಗಳು ಕಂಡವು. ಅಜ್ಜಿ ಹಾಕಿಸಿದ ದೇವಿ ಅದು. ನಾವು ಹುಟ್ಟುವ ಹೊತ್ತಿಗೆ ಆ ಲಸಿಕೆಯ ಅಗತ್ಯವೇ ತೀರಿತ್ತು. ನಮ್ಮ ತೋಳಿನ ಮೇಲೆ ಆ ಕಲೆ ಇಲ್ಲ.