ಗಡಿ ದಾಟಿ ಬಂದ ಕೇರಳ ಪೊಲೀಸರು ಪೊನ್ನಂಪೇಟೆಯಲ್ಲಿ ಬಂಧಿಸಬಹುದೇ?

“ಬೇರೆ ರಾಜ್ಯದ ಪೊಲೀಸರು ನಮ್ಮೂರಿನಲ್ಲಿ ಯಾರನ್ನೂ ಮುಟ್ಟುವ ಹಾಗಿಲ್ಲ, ಗಡಿ ದಾಟಿದರೆ ಅವರ ಅಧಿಕಾರ ಮುಗಿಯಿತು.” ಈ ಮಾತನ್ನು ನೀವೂ ಕೇಳಿರಬಹುದು. ಕೊಡಗಿನ ಪೊನ್ನಂಪೇಟೆಯವರಿಗೆ ಇದು ಬರೀ ಕುತೂಹಲದ ವಿಷಯವಲ್ಲ. ಈ ತಾಲ್ಲೂಕಿನ ಕುಟ್ಟ ದಾಟಿದರೆ ಸಿಗುವುದು ಕೇರಳದ ವಯನಾಡು ಜಿಲ್ಲೆ. ಕೆಲಸಕ್ಕೆ, ವ್ಯಾಪಾರಕ್ಕೆ, ನೆಂಟರ ಮನೆಗೆ ಜನ ಆಚೆ ಈಚೆ ಓಡಾಡುತ್ತಲೇ ಇರುತ್ತಾರೆ. ಹಾಗಾದರೆ ಕಾನೂನು ಏನು ಹೇಳುತ್ತದೆ? ನೋಡೋಣ.

ಬಂಧಿಸುವ ಅಧಿಕಾರ ಇದೆಯೇ?

ಇದೆ. ಸಂವಿಧಾನದ ಪ್ರಕಾರ ಪೊಲೀಸ್ ಇಲಾಖೆ ರಾಜ್ಯದ ವಿಷಯ, ನಿಜ. ಆದರೆ ಬಂಧನದ ನಿಯಮಗಳಿರುವುದು ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿನಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 45ನೇ ಸೆಕ್ಷನ್ ಪ್ರಕಾರ, ವಾರಂಟ್ ಇಲ್ಲದೆ ಬಂಧಿಸಬಹುದಾದ ವ್ಯಕ್ತಿಯನ್ನು ಪೊಲೀಸರು ಭಾರತದ ಯಾವುದೇ ಜಾಗಕ್ಕೂ ಬೆನ್ನಟ್ಟಿ ಹೋಗಿ ಹಿಡಿಯಬಹುದು. ಕೋರ್ಟ್ ಹೊರಡಿಸಿದ ವಾರಂಟ್ ಕೂಡ ದೇಶದ ಎಲ್ಲೆಡೆ ನಡೆಯುತ್ತದೆ (ಸೆಕ್ಷನ್ 79). ಫಾರ್ವರ್ಡ್ ನಂಬಿ ಪೊಲೀಸರನ್ನು ತಡೆದರೆ, ಅದೇ ಇನ್ನೊಂದು ಕೇಸ್ ಆಗಬಹುದು.

ಹಾಗಂತ ಏನು ಬೇಕಾದರೂ ಮಾಡಬಹುದೇ?

ಇಲ್ಲ. ಅವರು ಪಾಲಿಸಬೇಕಾದ ನಿಯಮಗಳಿವೆ:

• ವಾರಂಟ್ ತಂದಿದ್ದರೆ ಸಾಮಾನ್ಯವಾಗಿ ಸ್ಥಳೀಯ ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿಯ ಸಹಿ ಪಡೆಯಬೇಕು. ತಡವಾದರೆ ಆರೋಪಿ ತಪ್ಪಿಸಿಕೊಳ್ಳುತ್ತಾನೆ ಎನ್ನುವಾಗ ಮಾತ್ರ ವಿನಾಯಿತಿ (ಸೆಕ್ಷನ್ 81).
• ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು. ಬಂಧನದ ಮೆಮೊಗೆ ಮನೆಯವರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು (ಸೆಕ್ಷನ್ 36).
• ಬಂಧನಕ್ಕೆ ಕಾರಣವೇನೆಂದು ತಿಳಿಸಬೇಕು (ಸೆಕ್ಷನ್ 47).
• 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಪ್ರಯಾಣಕ್ಕೆ ಬೇಕಾಗುವ ಸಮಯ ಇದರಲ್ಲಿ ಸೇರುವುದಿಲ್ಲ. ದೂರದ ಊರಿಗೆ ಕರೆದೊಯ್ಯುವಾಗ ಸ್ಥಳೀಯ ಮ್ಯಾಜಿಸ್ಟ್ರೇಟ್‌ರಿಂದ ಪಡೆಯುವ ಅನುಮತಿಯೇ ‘ಟ್ರಾನ್ಸಿಟ್ ರಿಮಾಂಡ್’.

ಹೊರ ರಾಜ್ಯಕ್ಕೆ ಹೋದ ಪೊಲೀಸರೂ ಅಲ್ಲಿನ ಕಾನೂನಿಗೆ ಹೊರತಲ್ಲ. 2023ರ ಆಗಸ್ಟ್‌ನಲ್ಲಿ ತನಿಖೆಗೆಂದು ಕೇರಳಕ್ಕೆ ಹೋಗಿದ್ದ ಬೆಂಗಳೂರಿನ ನಾಲ್ವರು ಪೊಲೀಸರನ್ನು, ಆರೋಪಿಗಳಿಂದ ಹಣ ಪಡೆದ ಆರೋಪದ ಮೇಲೆ ಕಳಮಶ್ಶೇರಿ ಪೊಲೀಸರೇ ವಶಕ್ಕೆ ಪಡೆದಿದ್ದರು.

ಬೇರೆ ರಾಜ್ಯದಲ್ಲಿ ಎಫ್‌ಐಆರ್ ಆಗಿದ್ದರೆ?

ಜಾಮೀನಿಗಾಗಿ ಮೊದಲು ಆ ರಾಜ್ಯಕ್ಕೇ ಓಡಬೇಕಾಗಿಲ್ಲ. ಪ್ರಿಯಾ ಇಂದೋರಿಯಾ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ನವೆಂಬರ್ 20ರಂದು ಇದನ್ನು ಸ್ಪಷ್ಟಪಡಿಸಿದೆ. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠದ ಪ್ರಕಾರ, ಎಫ್‌ಐಆರ್ ಬೇರೆ ರಾಜ್ಯದಲ್ಲಿದ್ದರೂ ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟ್ ಸೀಮಿತ ಅವಧಿಗೆ ನಿರೀಕ್ಷಣಾ ಜಾಮೀನು ನೀಡಬಹುದು. ಅಂದರೆ ಪೊನ್ನಂಪೇಟೆಯವರು ಮಡಿಕೇರಿಯ ಜಿಲ್ಲಾ ಮತ್ತು ಸೆಷನ್ಸ್ ಕೋರ್ಟ್‌ಗೆ ಅರ್ಜಿ ಹಾಕಬಹುದು. ಕೊಡಲೇಬೇಕೆಂದಿಲ್ಲ, ಕೋರ್ಟ್‌ಗೆ ಹೋಗಲಾಗದ ಕಾರಣ ಮನವರಿಕೆಯಾಗಬೇಕು. ಸಿಕ್ಕ ಅವಧಿಯೊಳಗೆ ಎಫ್‌ಐಆರ್ ಆದ ಕಡೆಯ ಕೋರ್ಟ್‌ಗೆ ಹೋಗಬೇಕು.

ಫೋನ್‌ನಲ್ಲಿ ಬರುವ ‘ಪೊಲೀಸರು’

“ಮುಂಬೈ ಪೊಲೀಸ್” ಎಂದು ವಿಡಿಯೊ ಕಾಲ್ ಮಾಡಿ, ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಎನ್ನುವವರು ವಂಚಕರು. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ತನಿಖೆಗೆ ಹಾಜರಾಗಲು ಆರೋಪಿಗೆ ಕೊಡುವ 35ನೇ ಸೆಕ್ಷನ್‌ನ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳುಹಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮನೆ ಬಾಗಿಲಿಗೆ ಬಂದರೆ ಏನು ಮಾಡಬೇಕು?

ಜಗಳ ಬೇಡ, ಓಡುವುದೂ ಬೇಡ. ಗುರುತಿನ ಚೀಟಿ ಕೇಳಿ. ಯಾವ ಠಾಣೆ, ಎಫ್‌ಐಆರ್ ಸಂಖ್ಯೆ ಎಷ್ಟು ಎಂದು ಬರೆದುಕೊಳ್ಳಿ. ಅನುಮಾನ ಬಂದರೆ ನಿಮ್ಮ ಠಾಣೆಗೆ ಅಥವಾ 112ಕ್ಕೆ ಫೋನ್ ಮಾಡಿ ವಿಚಾರಿಸಿ. ಮೆಮೊ ಓದದೆ ಸಹಿ ಹಾಕಬೇಡಿ. ಎಲ್ಲಿಗೆ ಕರೆದೊಯ್ಯುತ್ತಾರೆ ಎಂದು ಕೇಳಿ, ವಕೀಲರಿಗೆ ತಿಳಿಸಿ.

ತೀರ್ಮಾನ: ‘ಗಡಿ ದಾಟಿದರೆ ಪೊಲೀಸರಿಗೆ ಅಧಿಕಾರವಿಲ್ಲ’ ಎಂಬುದು ತಪ್ಪು. ರಾಜ್ಯದ ಗಡಿ ಬಂಧನವನ್ನು ತಡೆಯುವುದಿಲ್ಲ. ಹಾಗೆಯೇ ಬಂಧಿತರ ಹಕ್ಕನ್ನೂ ಕಸಿದುಕೊಳ್ಳುವುದಿಲ್ಲ.